ಕಲಬುರಗಿಯಲ್ಲಿ ಕಾಲಂ ಸೇರಿಸಿದೆ, ಬೀದರ್‌ನಲ್ಲಿ ಚೀಟಿ ಕಾಣೆಯಾಯಿತು

ಜನವರಿ ತಿಂಗಳು, ತೊಗರಿ ಸೀಸನ್. ಗಂಜ್‌ನಲ್ಲಿ ಬೆಳಗಾಗುವುದರೊಳಗೆ ಚೀಲ ಇಳಿಯಲು ಶುರುವಾಗಿರುತ್ತದೆ. ನಾನು ಸಾಫ್ಟ್‌ವೇರ್ ನೋಡಿಕೊಳ್ಳುವ ಒಂದು ವ್ಯಾಪಾರಿ ಮನೆಗೆ ಮೂರು ಕಡೆ ಖರೀದಿ ಇದೆ: ಕಲಬುರಗಿ, ಬೀದರ್, ಯಾದಗಿರಿ. ತೂಕದ ಚೀಟಿಯಲ್ಲಿ ಇನ್ನು ಮೇಲೆ ತೇವಾಂಶವೂ ಇರಬೇಕು ಅಂತ ಮಾಲೀಕರು ಹೇಳಿದ್ದರು. ಅಂದರೆ ಚೀಟಿಗಳ ಟೇಬಲ್‌ಗೆ ಒಂದು ಕಾಲಂ ಜಾಸ್ತಿ. ಏನು ಮಹಾ ಕೆಲಸ ಅಂತ ಬೆಳಿಗ್ಗೆ ಹನ್ನೊಂದಕ್ಕೆ ಆಲ್ಟರ್ ಟೇಬಲ್ ಎಂಬ ಆದೇಶ ಕೊಟ್ಟೆ. 22 ನಿಮಿಷ ಹಿಡಿಯಿತು. ಆ ಹೊತ್ತಿನಲ್ಲೂ ಕಲಬುರಗಿಯಲ್ಲಿ ಚೀಟಿಗಳು ಬೀಳುತ್ತಲೇ ಇದ್ದವು, ಯಾರಿಗೂ ಏನೂ ಗೊತ್ತಾಗಲಿಲ್ಲ. ಖುಷಿಯಿಂದ ಚಹಾಕ್ಕೆ ಹೋದೆ.

ಚಹಾ ಕುಡಿದು ಮುಗಿಸಿರಲಿಲ್ಲ, ಬೀದರ್‌ನಿಂದ ಫೋನ್. ಅಲ್ಲಿ ಚೀಟಿ ಹಾಕುವ ಹುಡುಗ.

"ಸರ್, ಚೀಟಿ ಹೊಡದ್ರ ಕಾಣವಲ್ದ್ರಿ. ಮತ್ತೊಮ್ಮಿ ಹೊಡದೀನಿ, ಆಗೂ ಕಾಣವಲ್ದು. ರೈತರು ಮುಂದ ನಿಂತಾರ್ರಿ."

"ಎಷ್ಟು ಸಲ ಹೊಡದಿ ತಮ್ಮಾ?"

"ಒಬ್ರದು ಮೂರ್ ಸಲ ಹೊಡದೀನ್ರಿ."

ಮೂರು ಚೀಟಿಯೂ ಕಲಬುರಗಿಯ ಸರ್ವರ್‌ನಲ್ಲಿ ಜೋಪಾನವಾಗಿ ಕೂತಿದ್ದವು. ಅವನ ಪರದೆಗೆ ಮಾತ್ರ ಬಂದಿರಲಿಲ್ಲ. ಸಂಜೆವರೆಗೆ ಕೂತು ಎರಡೆರಡು ಸಲ ಬಿದ್ದ ಚೀಟಿಗಳನ್ನು ಹುಡುಕಿ ತೆಗೆದೆವು. ಆಮೇಲಿನಿಂದ ಡೇಟಾಬೇಸ್‌ನಲ್ಲಿ ಏನೇ ಬದಲಿಸುವಾಗಲೂ ಆ ಹುಡುಗನ ದನಿ ಕಿವಿಯಲ್ಲಿರುತ್ತದೆ. ಕಲಬುರಗಿಯಲ್ಲಿ ಏನೂ ಆಗದೆ ಬೀದರ್‌ನಲ್ಲಿ ಮಾತ್ರ ಯಾಕೆ ಹೀಗಾಯಿತು ಅಂತ ಹೇಳುತ್ತೇನೆ.

ಕೀರ್ದಿ ಮತ್ತು ಖಾತೆ

ನಮ್ಮ ವ್ಯವಸ್ಥೆ ಇಷ್ಟು. ಮೂಲ ಡೇಟಾಬೇಸ್ ಕಲಬುರಗಿಯಲ್ಲಿದೆ. ಬೀದರ್, ಯಾದಗಿರಿ ಆಫೀಸುಗಳಲ್ಲಿ ಅದರ ಒಂದೊಂದು ಪ್ರತಿ ಇದೆ. ಇದನ್ನೇ ರೆಪ್ಲಿಕಾ ಅನ್ನುತ್ತಾರೆ. ಯಾವ ಊರಿನಿಂದ ಚೀಟಿ ಹಾಕಿದರೂ ಅದು ಕಲಬುರಗಿಗೇ ಹೋಗಿ ಬರೆಯಲ್ಪಡುತ್ತದೆ. ನೋಡುವಾಗ ಮಾತ್ರ ಆಯಾ ಊರಿನ ಪ್ರತಿಯಿಂದ ನೋಡುತ್ತಾರೆ. ರಿಪೋರ್ಟ್ ಬೇಗ ಬರುತ್ತದೆ, ಮೂಲ ಸರ್ವರ್ ಮೇಲೆ ಹೊರೆ ಬೀಳುವುದಿಲ್ಲ.

ಪ್ರತಿಗೆ ಸುದ್ದಿ ಮುಟ್ಟುವುದು ಹೇಗೆ? ಇದಕ್ಕೆ ಕಂಪ್ಯೂಟರಿಗಿಂತ ಗಂಜ್‌ನ ಹಳೆಯ ಅಡತ್ ಅಂಗಡಿಯೇ ಒಳ್ಳೆಯ ಉದಾಹರಣೆ. ಅಲ್ಲಿ ಎರಡು ಪುಸ್ತಕ. ಒಂದು ರೋಜು ಕೀರ್ದಿ. ದಿನದಲ್ಲಿ ನಡೆದದ್ದನ್ನೆಲ್ಲ ನಡೆದ ಸಾಲಿನಲ್ಲೇ ಬರೆಯುವುದು. ಇನ್ನೊಂದು ಖಾತೆ ಪುಸ್ತಕ. ಯಾರದು ಎಷ್ಟು ಬಾಕಿ ಅಂತ ಹೆಸರಿನ ಪ್ರಕಾರ ಇರುತ್ತದೆ. ಈಗ ಬೀದರ್‌ನಲ್ಲೂ ಅಂಥದ್ದೇ ಒಂದು ಖಾತೆ ಪುಸ್ತಕ ಬೇಕು ಅಂದುಕೊಳ್ಳಿ. ಇಡೀ ಪುಸ್ತಕ ದಿನಾ ಹೊತ್ತು ಒಯ್ಯಲು ಆಗುತ್ತದೆಯೇ? ಕೀರ್ದಿಯ ಸಾಲುಗಳನ್ನು ಮಾತ್ರ ಕಳಿಸುತ್ತಾರೆ. ಅಲ್ಲಿನ ಮುನೀಮರು ಒಂದೊಂದೇ ಸಾಲು ಓದಿ ತಮ್ಮ ಪುಸ್ತಕಕ್ಕೆ ಏರಿಸುತ್ತಾರೆ.

ನಾವು ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್. ಅದರಲ್ಲಿ ಆ ಕೀರ್ದಿಯ ಹೆಸರು ಬಿನ್‌ಲಾಗ್. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಅದನ್ನೇ ಹೋಲುವ ಲಾಗ್ ಇದೆ, ವಾಲ್ ಅಂತ. ಸಾಮಾನ್ಯವಾಗಿ ಮೂಲದವರು ಪ್ರತಿಗಾಗಿ ಕಾಯುವುದಿಲ್ಲ. ಸಾಲು ಬರೆದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಪ್ರತಿ ಯಾವಾಗಲೂ ಸ್ವಲ್ಪ ಹಿಂದೆಯೇ ಇರುತ್ತದೆ. ಬೇರೆ ದಿನ ಇದು ಸೆಕೆಂಡಿಗಿಂತ ಕಡಿಮೆ, ಯಾರಿಗೂ ಕಾಣಿಸುವುದಿಲ್ಲ. ಆವತ್ತು ಮುಕ್ಕಾಲು ಗಂಟೆ ದಾಟಿತು.

ಈಗ ನನ್ನ ಆಲ್ಟರ್ ಟೇಬಲ್ ಕಥೆ. ಅದರ ಅರ್ಥ, "ಖಾತೆ ಪುಸ್ತಕದ ಪ್ರತಿ ಪುಟಕ್ಕೂ ಒಂದು ಹೊಸ ಗೆರೆ ಹೊಡೆದು ಇನ್ನೊಂದು ಮನೆ ಮಾಡು" ಅಂತ. ನಮ್ಮ ಹಳೆಯ ಮೈಎಸ್‌ಕ್ಯೂಎಲ್ 5.7 ಇದಕ್ಕೆ ಇಡೀ ಟೇಬಲನ್ನೇ ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಬೇರೆಯವರು ಬರೆಯಬಹುದು. ಈ ಅನುಕೂಲ 5.6ರಿಂದಲೇ ಇದೆ. ಹಾಗಾಗಿಯೇ ಕಲಬುರಗಿಯಲ್ಲಿ ಗಲಾಟೆ ಆಗಲಿಲ್ಲ: ಒಬ್ಬ ಹಿಂದೆ ಕೂತು ಗೆರೆ ಹೊಡೆಯುತ್ತಿದ್ದ, ಮುನೀಮರು ಮುಂದೆ ಕೂತು ಲೆಕ್ಕ ಬರೆಯುತ್ತಿದ್ದರು.

ಆದರೆ ಗೆರೆ ಹೊಡೆದ ವಿಷಯ ಕೀರ್ದಿಗೆ ಬೀಳುವುದು ಕೆಲಸ ಪೂರ್ತಿ ಮುಗಿದ ಮೇಲೆ. ಅದೂ ಒಂದೇ ಸಾಲು. ಬೀದರ್ ಮುನೀಮರು ಆ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು ತಾವೇ ಮೊದಲ ಪುಟದಿಂದ ಗೆರೆ ಹೊಡೆಯಬೇಕು. ಅದರ ಕೆಳಗಿನ ಸಾಲುಗಳೆಲ್ಲ, ಅಂದರೆ ಆ ರೈತರ ಚೀಟಿಗಳೆಲ್ಲ, ಅಲ್ಲಿಯವರೆಗೆ ಕಾಯಬೇಕು. ಬೀದರ್‌ನ ಯಂತ್ರ ಹಳೆಯದು. ಇಲ್ಲಿ 22 ನಿಮಿಷದ ಕೆಲಸ ಅಲ್ಲಿ ಅದರ ಎರಡರಷ್ಟನ್ನೂ ದಾಟಿತು.

ಪ್ರತಿಯಲ್ಲಿ ಒಂದೇ ಸಲಕ್ಕೆ ಹಲವು ಸಾಲು ಏರಿಸಲು ನಾಲ್ಕೈದು ಕೆಲಸಗಾರರನ್ನು ಇಡಬಹುದಲ್ಲ ಅಂತ ಕೇಳುವವರಿದ್ದಾರೆ. ಇಡಬಹುದು, ಮೈಎಸ್‌ಕ್ಯೂಎಲ್‌ನಲ್ಲಿ ಆ ಸೌಲಭ್ಯ ಇದೆ. ಆದರೆ ಟೇಬಲಿನ ಆಕಾರವನ್ನೇ ಬದಲಿಸುವ ಸಾಲು ಬಂದಾಗ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿ ಎಂಬ ಡೇಟಾಬೇಸ್‌ನ 10.8ರಲ್ಲಿ ಇದಕ್ಕೊಂದು ಉಪಾಯ ಮಾಡಿದ್ದಾರೆ. ಕೆಲಸ ಶುರುವಾದಾಗ ಒಂದು ಸಾಲು, ಮುಗಿದಾಗ ಇನ್ನೊಂದು ಸಾಲು ಬರೆದು, ಪ್ರತಿಯೂ ಜೊತೆಯಲ್ಲೇ ಕಟ್ಟಲು ಶುರುಮಾಡುವ ಹಾಗೆ. ನಮ್ಮದು ಮರಿಯಾಡಿಬಿ ಅಲ್ಲ, ಏನು ಮಾಡೋದು.

ಇನ್ನೊಂದು ಮಾತು. ಆ 22 ನಿಮಿಷವೂ ಬೀದರ್ ಎಷ್ಟು ಹಿಂದಿದೆ ಅಂತ ತೋರಿಸುವ ಅಂಕಿ ಸೊನ್ನೆಯಲ್ಲೇ ಇತ್ತು. ಕೀರ್ದಿಗೆ ಸಾಲೇ ಬಿದ್ದಿಲ್ಲ ಅಂದಮೇಲೆ ಅದು ಹಿಂದೆ ಬೀಳುವುದು ಎಲ್ಲಿಂದ? ಅಪಾಯ ಶುರುವಾಗುವುದೇ ನೀವು "ಮುಗೀತು" ಅಂತ ಎದ್ದು ಚಹಾಕ್ಕೆ ಹೋದಮೇಲೆ. ಆ ಅಂಕಿಯನ್ನು ಪೂರ್ತಿ ನಂಬಲೂ ಬಾರದು. ನೆಟ್‌ವರ್ಕ್ ನಿಧಾನವಾಗಿ ಕೀರ್ದಿಯ ಪುಟಗಳೇ ಬಂದಿಲ್ಲದಿದ್ದರೂ ಅದು ಸೊನ್ನೆ ತೋರಿಸಬಹುದು. ಬಂದ ಪುಟದಲ್ಲಿ ಬಾಕಿ ಇಲ್ಲ ಅಂತಷ್ಟೇ ಅದರ ಅರ್ಥ. ನಾವೀಗ ಮೂಲದಲ್ಲಿ ಸೆಕೆಂಡಿಗೊಮ್ಮೆ ಗಡಿಯಾರದ ಸಮಯ ಬರೆಯುವ ಒಂದು ಪುಟ್ಟ ಟೇಬಲ್ ಇಟ್ಟಿದ್ದೇವೆ. ಪ್ರತಿಯಲ್ಲಿ ಆ ಸಮಯ ಎಷ್ಟು ಹಳೆಯದು ಅಂತ ನೋಡಿದರೆ ನಿಜ ಗೊತ್ತಾಗುತ್ತದೆ.

ಗೆರೆ ಹೊಡೆಯದೇ ಮನೆ ಮಾಡುವುದು

ಹೊಸ ಆವೃತ್ತಿಗಳಲ್ಲಿ ಕಾಲಂ ಸೇರಿಸುವುದು ಇಷ್ಟು ಕಷ್ಟವಲ್ಲ. ಮೈಎಸ್‌ಕ್ಯೂಎಲ್ 8.0.12ರಿಂದ ಇನ್‌ಸ್ಟಂಟ್ ಎಂಬ ವಿಧಾನ ಬಂತು. ಪುಟಗಳನ್ನು ಮುಟ್ಟುವುದೇ ಇಲ್ಲ. "ಇನ್ನು ಮೇಲೆ ಇಂಥದ್ದೊಂದು ಮನೆ ಇದೆ, ಹಳೆಯ ಪುಟಗಳಲ್ಲಿ ಅದು ಖಾಲಿ ಅಂತ ತಿಳಿಯಿರಿ" ಅಂತ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಟ್ಟ ಹಾಗೆ. ಮೊದಮೊದಲು ಕೊನೆಯ ಕಾಲಂ ಆಗಿ ಮಾತ್ರ ಸೇರಿಸಬಹುದಿತ್ತು. 8.0.29ರಿಂದ ನಡುವೆಯೂ ಸೇರಿಸಬಹುದು, ತೆಗೆಯಲೂ ಬಹುದು. ಪೋಸ್ಟ್‌ಗ್ರೆಸ್‌ನಲ್ಲಿ 2018ರ 11ನೇ ಆವೃತ್ತಿಯಿಂದ, ಡಿಫಾಲ್ಟ್ ಬೆಲೆ (ಏನೂ ಕೊಡದಿದ್ದರೆ ತಾನಾಗಿ ಬೀಳುವ ಮೌಲ್ಯ) ಇರುವ ಕಾಲಂ ಸೇರಿಸಿದರೂ ಟೇಬಲ್ ಹೊಸದಾಗಿ ಕಟ್ಟುವ ಅಗತ್ಯ ಇಲ್ಲ. ಆ ಬೆಲೆ ಸಾಲಿಂದ ಸಾಲಿಗೆ ಬದಲಾಗುವಂಥದ್ದು ಆಗಿರಬಾರದು, ಅಷ್ಟೇ.

ಮೈಎಸ್‌ಕ್ಯೂಎಲ್ ಬಳಸುವವರು ಒಂದು ಅಭ್ಯಾಸ ಮಾಡಿಕೊಳ್ಳಿ. ಇನ್‌ಸ್ಟಂಟ್ ಆಗಲಿ ಅಂತ ಮನಸ್ಸಿನಲ್ಲಿ ಅಂದುಕೊಂಡು ಸುಮ್ನೆ ಆಲ್ಟರ್ ಕೊಡಬೇಡಿ. ಅದು ಆಗದಿದ್ದರೆ ಡೇಟಾಬೇಸ್ ಸದ್ದಿಲ್ಲದೆ ದೊಡ್ಡ ದಾರಿ ಹಿಡಿಯುತ್ತದೆ. ಆದೇಶದಲ್ಲೇ ಅಲ್ಗಾರಿದಮ್ ಇನ್‌ಸ್ಟಂಟ್ ಅಂತ ಬರೆಯಿರಿ. ಸಾಧ್ಯವಿಲ್ಲದಿದ್ದರೆ ಅದು ತಪ್ಪು ತೋರಿಸಿ ನಿಲ್ಲುತ್ತದೆ, ನೀವು ಬಚಾವ್.

ಕ್ಷಣದಲ್ಲಿ ಮುಗಿಯುವ ಬದಲಾವಣೆಯಲ್ಲೂ ಒಂದು ಕೊಕ್ಕೆ ಇದೆ. ಅದು ಬೀಗದ್ದು. ಟೇಬಲಿನ ಆಕಾರ ಬದಲಿಸಲು ಒಂದು ಕ್ಷಣವಾದರೂ ಅದು ಪೂರ್ತಿ ನಮ್ಮ ಕೈಯಲ್ಲಿರಬೇಕು. ಯಾರೋ ಆ ಟೇಬಲಿನಿಂದ ಅರ್ಧ ಗಂಟೆಯ ರಿಪೋರ್ಟ್ ತೆಗೆಯುತ್ತಿದ್ದರೆ ಆಲ್ಟರ್ ಕಾಯುತ್ತದೆ. ಕಾಯಲಿ ಬಿಡಿ ಅನ್ನಬಹುದು. ಸಮಸ್ಯೆ ಏನೆಂದರೆ, ಆಲ್ಟರ್ ಕಾಯುತ್ತಿರುವಾಗ ಹೊಸದಾಗಿ ಬಂದವರೂ ಅದರ ಹಿಂದೆಯೇ ನಿಲ್ಲಬೇಕು. ಬ್ಯಾಂಕಿನಲ್ಲಿ ಒಬ್ಬರ ಕೆಲಸ ಉದ್ದವಾದರೆ, ಪಾಸ್‌ಬುಕ್ ಎಂಟ್ರಿಗೆ ಬಂದವರೂ ಸರದಿಯಲ್ಲಿ ಸಿಕ್ಕಿಕೊಳ್ಳುವ ಹಾಗೆ. ಅದಕ್ಕೇ ಬೀಗಕ್ಕೆ ಕಾಯುವ ಸಮಯಕ್ಕೆ ಮಿತಿ ಹಾಕಿ. ಮೂರು ಸೆಕೆಂಡಿನಲ್ಲಿ ಸಿಗದಿದ್ದರೆ ಬಿಟ್ಟುಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.

ಪ್ರತಿಯಲ್ಲೂ ಇದೇ ನಾಟಕ ನಡೆಯುತ್ತದೆ, ಅದನ್ನೇ ಬಹಳ ಜನ ಮರೆಯುತ್ತಾರೆ. ಯಾದಗಿರಿಯಲ್ಲಿ ತಿಂಗಳ ರಿಪೋರ್ಟ್ ಓಡುತ್ತಿದ್ದರೆ, ಅಲ್ಲಿ ಆಲ್ಟರ್ ಸಾಲು ಬಂದು ಬೀಗಕ್ಕೆ ಕಾಯುತ್ತದೆ, ಅದರ ಹಿಂದೆ ಇಡೀ ಕೀರ್ದಿ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ ಇಲ್ಲಿ ಸ್ವಲ್ಪ ಒರಟು. ಡಿಫಾಲ್ಟ್ ಆಗಿ 30 ಸೆಕೆಂಡ್ ತಾಳುತ್ತದೆ, ಆಮೇಲೆ ಪ್ರತಿಯಲ್ಲಿ ಓಡುತ್ತಿದ್ದ ರಿಪೋರ್ಟನ್ನೇ ರದ್ದು ಮಾಡುತ್ತದೆ. ಕಲಬುರಗಿಯಲ್ಲಿ ಕಾಲಂ ಸೇರಿಸಿದ್ದಕ್ಕೆ ಯಾದಗಿರಿಯಲ್ಲಿ ಯಾರದ್ದೋ ರಿಪೋರ್ಟ್ ಅರ್ಧಕ್ಕೆ ಹೋಯಿತು ಅಂದರೆ ಅವರಿಗೆ ಹೇಗೆ ಅರ್ಥ ಮಾಡಿಸುತ್ತೀರಿ?

ಎಲ್ಲ ಬದಲಾವಣೆಯೂ ಕ್ಷಣದಲ್ಲಿ ಆಗುವುದಿಲ್ಲ. ಕಾಲಂನ ಬಗೆ ಬದಲಿಸಬೇಕು, ಉದಾಹರಣೆಗೆ ಅಕ್ಷರದಲ್ಲಿದ್ದದ್ದು ಅಂಕಿ ಆಗಬೇಕು ಅಂದರೆ ಟೇಬಲ್ ಮತ್ತೆ ಕಟ್ಟಲೇಬೇಕು. ಆಗ ನೆರಳು ಟೇಬಲ್ ಉಪಾಯ. ಪಕ್ಕದಲ್ಲಿ ಹೊಸ ಆಕಾರದ ಖಾಲಿ ಟೇಬಲ್ ಮಾಡಿ, ಹಳೆಯದರಿಂದ ಸ್ವಲ್ಪ ಸ್ವಲ್ಪವೇ ಸಾಲು ತುಂಬುತ್ತಾ ಹೋಗುವುದು. ಆ ನಡುವೆ ಹಳೆಯ ಟೇಬಲಿಗೆ ಬಂದ ಬದಲಾವಣೆಗಳನ್ನೂ ಹೊಸದಕ್ಕೆ ಒಯ್ಯುವುದು. ಎರಡೂ ಸರಿಸಮ ಆದಾಗ ಹೆಸರು ಅದಲುಬದಲು ಮಾಡುವುದು. ಪರ್ಕೋನಾ ಟೂಲ್‌ಕಿಟ್‌ನ ಉಪಕರಣ ಇದನ್ನು ಟ್ರಿಗರ್‌ಗಳ ಮೂಲಕ, ಅಂದರೆ ಸಾಲು ಬದಲಾದಾಗ ತಾನಾಗಿ ಓಡುವ ಆದೇಶಗಳ ಮೂಲಕ, ಮಾಡುತ್ತದೆ. ಗಿಟ್‌ಹಬ್‌ನವರು 2016ರಲ್ಲಿ ಹೊರತಂದ ಘೋಸ್ಟ್ ಎಂಬ ಉಪಕರಣ ಟ್ರಿಗರ್ ಬಳಸುವುದಿಲ್ಲ. ಅದು ತಾನೇ ಒಂದು ಪ್ರತಿಯ ಹಾಗೆ ಕೂತು ಬಿನ್‌ಲಾಗ್ ಓದುತ್ತದೆ. ಎರಡರಲ್ಲೂ ನನಗೆ ಇಷ್ಟವಾದದ್ದು ಒಂದೇ ಗುಣ: ಪ್ರತಿಗಳು ಹಿಂದೆ ಬೀಳುತ್ತಿವೆ ಅಂತ ಕಂಡರೆ ತಾವೇ ನಿಂತು ಕಾಯುತ್ತವೆ. ಹೊತ್ತು ಜಾಸ್ತಿ ಹಿಡಿಯುತ್ತದೆ. ರಾತ್ರಿ ಎಲ್ಲ ಓಡಲಿ, ಬೀದರ್ ಹುಡುಗನ ಫೋನ್ ಬರದಿದ್ದರೆ ಸಾಕು.

ತಾಲ್ಲೂಕು ಬದಲಾದ ಹಳ್ಳಿಗಳು

ಆಕಾರದ ಮಾತು ಆಯಿತು. ಒಳಗಿನ ಮಾಹಿತಿ ಬದಲಿಸುವಾಗ ಇನ್ನೊಂದು ಬಗೆಯ ತೊಂದರೆ. ನಮ್ಮ ಕಡೆ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. 2010ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ ಬೇರೆಯಾಯಿತು. ಆಮೇಲೆ ಹೊಸ ತಾಲ್ಲೂಕುಗಳು ಬಂದವು. ಚಿತ್ತಾಪುರದಿಂದ ಕಾಳಗಿ ಮತ್ತು ಶಹಾಬಾದ್, ಜೇವರ್ಗಿಯಿಂದ ಯಡ್ರಾಮಿ, ಕಲಬುರಗಿಯಿಂದ ಕಮಲಾಪುರ. ಬೀದರ್ ಕಡೆ ಹುಲಸೂರು, ಚಿಟಗುಪ್ಪ, ಕಮಲನಗರ. ಯಾದಗಿರಿ ಕಡೆ ವಡಗೇರಾ, ಹುಣಸಗಿ, ಗುರುಮಠಕಲ್. ರೈತರ ಟೇಬಲಿನಲ್ಲಿ ತಾಲ್ಲೂಕಿನ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆದಿಟ್ಟ ಪುಣ್ಯಾತ್ಮ ನಾನೇ. ತಾಲ್ಲೂಕಿಗೆ ಬೇರೆ ಟೇಬಲ್ ಮಾಡಿ ಅಂಕಿ ಕೊಟ್ಟಿದ್ದರೆ ಅರ್ಧ ಕೆಲಸ ಇರುತ್ತಲೇ ಇರಲಿಲ್ಲ.

ರೈತರ ಸಾಲು, ಅವರ ಹಳೆಯ ಚೀಟಿಗಳ ಸಾಲು, ಎಲ್ಲ ಸೇರಿ ಲಕ್ಷಗಟ್ಟಲೆ. ಒಂದೇ ಅಪ್‌ಡೇಟ್‌ನಲ್ಲಿ ಮುಗಿಸಿದರೆ ಏನಾಗುತ್ತದೆ? ಮೂಲದಲ್ಲಿ ಅದು ಒಂದೇ ದೊಡ್ಡ ವಹಿವಾಟು. ಪೂರ್ತಿ ಆದಮೇಲೆ ಒಂದೇ ಸಲಕ್ಕೆ ಕೀರ್ದಿಗೆ ಬೀಳುತ್ತದೆ. ಒಂಟಿ ಹಳಿಯ ಮೇಲೆ ಮುಂದೆ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಹೋಗುತ್ತಿದ್ದರೆ ಹಿಂದಿನ ಪ್ಯಾಸೆಂಜರ್ ಗತಿ ಏನು ಅಂತ ನಮ್ಮವರಿಗೆ ವಿವರಿಸಬೇಕಿಲ್ಲ.

ಆದ್ದರಿಂದ ತುಂಡು ತುಂಡಾಗಿ ಮಾಡಬೇಕು. ನಾನು ಒಂದು ಸಲಕ್ಕೆ ಸಾವಿರ ಸಾಲು ತೆಗೆದುಕೊಳ್ಳುತ್ತೇನೆ. ಪ್ರೈಮರಿ ಕೀ, ಅಂದರೆ ಒಂದೊಂದು ಸಾಲಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆಯ ಕ್ರಮದಲ್ಲಿ, 1ರಿಂದ 1000, 1001ರಿಂದ 2000, ಹೀಗೆ. ಪ್ರತಿ ತುಂಡಾದ ಮೇಲೆ ಕಮಿಟ್, ಅಂದರೆ ಬರೆದದ್ದನ್ನು ಕಾಯಂ ಮಾಡುವುದು. ಆಮೇಲೆ ಗಡಿಯಾರದ ಟೇಬಲ್ ನೋಡು: ಬೀದರ್ ಎರಡು ಸೆಕೆಂಡಿಗಿಂತ ಹಿಂದಿದ್ದರೆ ಕಾಯಿ, ಇಲ್ಲದಿದ್ದರೆ ಮುಂದಿನ ತುಂಡು. ಎಲ್ಲಿಯವರೆಗೆ ಬಂದೆವು ಅಂತ ಒಂದು ಕಡೆ ಬರೆದಿಡು. ನಡುವೆ ಕರೆಂಟ್ ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ಹೋಗುತ್ತದೆ ಕೂಡ. ಒಂದೇ ತುಂಡು ಎರಡು ಸಲ ಓಡಿದರೂ ಫಲ ಒಂದೇ ಇರುವ ಹಾಗೆ ಬರೆಯುವುದು ಮುಖ್ಯ. "ತಾಲ್ಲೂಕು ಕಾಳಗಿ ಆಗಲಿ" ಅನ್ನುವುದು ಎಷ್ಟು ಸಲ ಓಡಿದರೂ ಕಾಳಗಿಯೇ. "ತೂಕಕ್ಕೆ ನೂರರಿಂದ ಗುಣಿಸು" ಅನ್ನುವುದು ಎರಡು ಸಲ ಓಡಿದರೆ ರೈತ ಕೋಟ್ಯಧೀಶ.

ಕೀರ್ದಿಯಲ್ಲಿ ಏನು ಬರೆಯುತ್ತಾರೆ ಅನ್ನುವುದರಲ್ಲೂ ಎರಡು ಪದ್ಧತಿ. ಒಂದರಲ್ಲಿ ಆದೇಶವನ್ನೇ ಬರೆಯುವುದು: "ಈ ಹಳ್ಳಿಯವರ ತಾಲ್ಲೂಕು ಬದಲಿಸು." ಇನ್ನೊಂದರಲ್ಲಿ ಪ್ರತಿ ಸಾಲಿನ ಹಳೆಯ ರೂಪ, ಹೊಸ ರೂಪ ಎರಡನ್ನೂ ಬರೆಯುವುದು. ಮೊದಲನೆಯದರಲ್ಲಿ ಕೀರ್ದಿ ಚಿಕ್ಕದು, ಆದರೆ ಮೋಸ ಹೋಗುವ ಸಂಭವ ಇದೆ. ಕ್ರಮ ಹೇಳದೆ "ಯಾವುದಾದರೂ 500 ಸಾಲು ಅಳಿಸು" ಅಂದರೆ ಕಲಬುರಗಿಯಲ್ಲಿ ಒಂದು 500, ಯಾದಗಿರಿಯಲ್ಲಿ ಬೇರೆ 500 ಹೋಗಬಹುದು. ಆಯಾ ಕ್ಷಣಕ್ಕೆ ಹೊಸ ಗುರುತಿನ ಸಂಖ್ಯೆ ಹುಟ್ಟಿಸುವ ಯುಯುಐಡಿಯಂಥ ಫಂಕ್ಷನ್ ಬಳಸಿದರೂ ಅಷ್ಟೇ, ಎರಡು ಕಡೆ ಎರಡು ಸಂಖ್ಯೆ. ಈಗಿನ ಸಮಯ ಕೊಡುವ ನೌ ಫಂಕ್ಷನ್‌ಗೆ ಮಾತ್ರ ಈ ಭಯ ಇಲ್ಲ, ಏಕೆಂದರೆ ಕೀರ್ದಿಯಲ್ಲಿ ಸಮಯವೂ ಜೊತೆಗೇ ಹೋಗುತ್ತದೆ. ಮೈಎಸ್‌ಕ್ಯೂಎಲ್ 5.7.7ರಿಂದ ಎರಡನೆಯ ಪದ್ಧತಿಯೇ ಡಿಫಾಲ್ಟ್. ಒಳ್ಳೆಯದೇ ಆಯಿತು.

ಎರಡನೆಯದರಲ್ಲೂ ಒಂದು ಗುಂಡಿ ಇದೆ, ನಾನು ಅದರಲ್ಲೂ ಬಿದ್ದಿದ್ದೇನೆ. ಪ್ರೈಮರಿ ಕೀ ಇಲ್ಲದ ಟೇಬಲ್. ಹಮಾಲಿ ಲೆಕ್ಕದ ಒಂದು ಹಳೆಯ ಟೇಬಲ್ ಹಾಗಿತ್ತು. ಮೂಲದಲ್ಲಿ ಒಂದೇ ಸಲ ಟೇಬಲ್ ಓದುತ್ತಾ ಹೋಗಿ ಐವತ್ತು ಸಾವಿರ ಸಾಲು ಬದಲಿಸಿತು, ಅರ್ಧ ನಿಮಿಷ. ಪ್ರತಿಗೆ ಹೋದದ್ದು ಐವತ್ತು ಸಾವಿರ ಬೇರೆ ಬೇರೆ ಸೂಚನೆ: "ಹೀಗಿದ್ದ ಸಾಲನ್ನು ಹುಡುಕಿ ಹೀಗೆ ಮಾಡು." ಗುರುತಿನ ಸಂಖ್ಯೆ ಇಲ್ಲ, ಇಂಡೆಕ್ಸ್ ಇಲ್ಲ. ಒಂದೊಂದು ಸಾಲು ಹುಡುಕಲೂ ಇಡೀ ಟೇಬಲ್ ಓದಬೇಕು. ಬೆಳಿಗ್ಗೆ ಬಂದು ನೋಡಿದರೆ ಯಾದಗಿರಿ ಇನ್ನೂ ಹುಡುಕುತ್ತಲೇ ಇತ್ತು. ಹಿಂದಿನ ರಾತ್ರಿಯಿಂದ! ನಿಮ್ಮಲ್ಲಿ ಅಂಥ ಟೇಬಲ್ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಮೊದಲು ಅದಕ್ಕೊಂದು ಕೀ ಕೊಡಿ.

ಪ್ರತಿಯಲ್ಲಿ ಕೈ ಹಾಕಬೇಡಿ

ಒಮ್ಮೆ ಯಾದಗಿರಿ ಆಫೀಸಿನಲ್ಲಿ ಒಬ್ಬರು ಎರಡು ಸಲ ಬಿದ್ದ ಚೀಟಿಯೊಂದನ್ನು ತಮ್ಮ ಪ್ರತಿಯಲ್ಲೇ ಅಳಿಸಿದರು. ಒಳ್ಳೆಯ ಉದ್ದೇಶವೇ. ಅವರ ಪರದೆ ಸ್ವಚ್ಛವಾಯಿತು. ಮೂರು ವಾರದ ನಂತರ ಕಲಬುರಗಿಯಲ್ಲಿ ಅದೇ ಚೀಟಿಗೆ ಏನೋ ತಿದ್ದುಪಡಿ ಆಯಿತು. ಕೀರ್ದಿಯ ಸಾಲು ಯಾದಗಿರಿಗೆ ಬಂದು "ಈ ಸಾಲು ಇಲ್ಲವಲ್ಲ" ಅಂತ 1032 ನಂಬರಿನ ತಪ್ಪು ತೋರಿಸಿ ನಿಂತುಬಿಟ್ಟಿತು. ಪ್ರತಿಯಲ್ಲಿ ಹೊಸ ಸಾಲು ಸೇರಿಸಿದ್ದರೆ 1062 ಬರುತ್ತಿತ್ತು, ಅಂದರೆ "ಈ ಸಾಲು ಆಗಲೇ ಇದೆ". ಈ ಎರಡು ನಂಬರ್ ನೋಡಿದ ತಕ್ಷಣ ಯಾರೋ ಪ್ರತಿಯಲ್ಲಿ ಕೈಯಾಡಿಸಿದ್ದಾರೆ ಅಂತ ನಾನು ಅನುಮಾನ ಪಡುತ್ತೇನೆ.

ಆಗ ಎಲ್ಲರಿಗೂ ಬರುವ ಆಸೆ ಒಂದೇ: ಆ ಸಾಲು ಬಿಟ್ಟು ಮುಂದೆ ಹೋಗು ಅನ್ನುವುದು. ಅದಕ್ಕೆ ಆದೇಶವೂ ಇದೆ, ಕೊಟ್ಟರೆ ಹಸಿರು ದೀಪವೂ ಹತ್ತುತ್ತದೆ. ಆದರೆ ಎರಡು ಪುಸ್ತಕದ ನಡುವಿನ ವ್ಯತ್ಯಾಸ ಹಾಗೇ ಉಳಿಯಿತು, ನಾಳೆ ಇನ್ನೊಂದು ಕಡೆ ಸಿಡಿಯುತ್ತದೆ. ಆ ಸಾಲನ್ನು ಮೂಲದಿಂದ ತಂದು ಸರಿಮಾಡಿ, ಆಮೇಲೆ ಮುಂದೆ ಬಿಡಬೇಕು. ಪ್ರತಿಗಳಲ್ಲಿ ಸೂಪರ್ ರೀಡ್ ಓನ್ಲಿ ಎಂಬ ಬೀಗ ಹಾಕಿದರೆ ಇಂಥದ್ದು ಆಗುವುದೇ ಇಲ್ಲ. ಬರೀ ರೀಡ್ ಓನ್ಲಿ ಸಾಲದು. ಅಡ್ಮಿನ್ ಅಧಿಕಾರ ಇದ್ದವರನ್ನು ಅದು ತಡೆಯುವುದಿಲ್ಲ, ಮತ್ತು ಇಂಥ ಕೆಲಸ ಮಾಡುವವರು ಅವರೇ ಅಲ್ವಾ. ತಿಂಗಳಿಗೊಮ್ಮೆ ಪರ್ಕೋನಾದ ಚೆಕ್‌ಸಮ್ (ಎರಡು ಪ್ರತಿ ಒಂದೇ ಇವೆಯೇ ಅಂತ ಲೆಕ್ಕ ಹಾಕಿ ನೋಡುವ) ಉಪಕರಣ ಓಡಿಸಿ ಮೂಲ, ಪ್ರತಿ ತಾಳೆ ನೋಡುತ್ತೇವೆ. ಮುನೀಮರು ತಿಂಗಳ ಕೊನೆಗೆ ಲೆಕ್ಕ ತಾಳೆ ಹಾಕುವುದಿಲ್ಲವೇ, ಹಾಗೆ.

ಬೇಕೆಂತಲೇ ಪ್ರತಿಯಲ್ಲಿ ಮೊದಲು ಬದಲಿಸುವ ಸಂದರ್ಭವೂ ಇದೆ. ಪೋಸ್ಟ್‌ಗ್ರೆಸ್‌ನ ಲಾಜಿಕಲ್ ರೆಪ್ಲಿಕೇಷನ್ 2017ರ 10ನೇ ಆವೃತ್ತಿಯಲ್ಲಿ ಬಂತು. ಅದು ಸಾಲುಗಳನ್ನಷ್ಟೇ ಒಯ್ಯುತ್ತದೆ, ಟೇಬಲಿನ ಆಕಾರದ ಬದಲಾವಣೆ ಒಯ್ಯುವುದಿಲ್ಲ. ಕಾಲಂ ಸೇರಿಸಬೇಕಾದರೆ ಮೊದಲು ತೆಗೆದುಕೊಳ್ಳುವವರ ಕಡೆ ಸೇರಿಸಿ, ಆಮೇಲೆ ಕೊಡುವವರ ಕಡೆ. ಉಲ್ಟಾ ಮಾಡಿದರೆ ಹೊಸ ಕಾಲಂ ಹೊತ್ತ ಸಾಲು ಬಂದು ಕೂರಲು ಜಾಗವಿಲ್ಲದೆ ನಿಲ್ಲುತ್ತದೆ. ತೆಗೆಯುವಾಗ ಕ್ರಮ ಅದಲುಬದಲು. ಪುಟಕ್ಕೆ ಪುಟ ಒಯ್ಯುವ ಪೋಸ್ಟ್‌ಗ್ರೆಸ್‌ನ ಮಾಮೂಲಿ ರೆಪ್ಲಿಕೇಷನ್‌ನಲ್ಲಿ ಈ ತಲೆಬಿಸಿ ಇಲ್ಲ, ಅಲ್ಲಿ ಪ್ರತಿಯ ಆಕಾರ ಬೇರೆ ಇರಲು ಸಾಧ್ಯವೇ ಇಲ್ಲ.

ಕ್ವಿಂಟಲ್‌ನಿಂದ ಕೆಜಿಗೆ

ಕೊನೆಗೆ ಪ್ರೋಗ್ರಾಂ ವಿಷಯ. ಡೇಟಾಬೇಸ್ ಮೂರು ಕಡೆ ಒಂದೇ ಕ್ಷಣದಲ್ಲಿ ಬದಲಾಗುವುದಿಲ್ಲ ಅಂದಮೇಲೆ ಪ್ರೋಗ್ರಾಂ ಕೂಡ ಕೆಲವು ಹೊತ್ತು ಹಳೆಯದು, ಹೊಸದು ಎರಡನ್ನೂ ಸಹಿಸಿಕೊಳ್ಳಬೇಕು. ನಮ್ಮಲ್ಲಿ ತೂಕ ಕ್ವಿಂಟಲ್‌ನಲ್ಲಿತ್ತು. ಕೆಜಿಗೆ ಬದಲಿಸಬೇಕಾಯಿತು. ಇದ್ದ ಕಾಲಂನಲ್ಲೇ ನೂರರಿಂದ ಗುಣಿಸಲು ಹೊರಟಿದ್ದರೆ ನಡುವಿನ ಹೊತ್ತಿನಲ್ಲಿ 12 ಅಂದರೆ 12 ಕ್ವಿಂಟಲ್ಲೋ, 12 ಕೆಜಿಯೋ ಯಾರಿಗೂ ತಿಳಿಯುತ್ತಿರಲಿಲ್ಲ.

ನಾವು ಮಾಡಿದ್ದು ಹೀಗೆ. ಮೊದಲ ವಾರ, ಕೆಜಿ ಅಂತ ಹೊಸ ಕಾಲಂ ಸೇರಿಸಿದೆವು, ಖಾಲಿ. ಮೂರೂ ಊರಿನಲ್ಲಿ ಅದು ಕಾಣಿಸಿತು ಅಂತ ಒಂದೊಂದಾಗಿ ನೋಡಿದ ಮೇಲೆಯೇ ಪ್ರೋಗ್ರಾಂ ಬದಲಿಸಿದ್ದು. ಇದರಲ್ಲಿ ಅವಸರ ಮಾಡಿದರೆ ಬೀದರ್‌ನ ಪರದೆ ಇಲ್ಲದ ಕಾಲಂ ಕೇಳಿ ತಪ್ಪು ತೋರಿಸುತ್ತದೆ. ಹೊಸ ಪ್ರೋಗ್ರಾಂ ಎರಡೂ ಕಾಲಂಗೆ ಬರೆಯುತ್ತಿತ್ತು, ಆದರೆ ಓದುತ್ತಿದ್ದದ್ದು ಹಳೆಯದನ್ನೇ. ಆಮೇಲೆ ಹಳೆಯ ಚೀಟಿಗಳಿಗೆ ಸಾವಿರ ಸಾವಿರವಾಗಿ ಕೆಜಿ ತುಂಬಿದೆವು. ತುಂಬಿದ ಮೇಲೆ, ಕ್ವಿಂಟಲ್ ನೂರರಷ್ಟು ಕೆಜಿಗೆ ಸಮ ಇಲ್ಲದ ಸಾಲು ಎಷ್ಟಿವೆ ಅಂತ ಮೂರು ಕಡೆಯೂ ಎಣಿಸಿದೆವು. ಕೆಲವು ಸಿಕ್ಕವು. ಅವು ತುಂಬುವ ಕೆಲಸದ ತಪ್ಪಲ್ಲ. ಒಂದು ಹಳೆಯ ಸ್ಕ್ರೀನ್ ಇನ್ನೂ ಕ್ವಿಂಟಲ್‌ಗೆ ಮಾತ್ರ ಬರೆಯುತ್ತಿತ್ತು. ಎಣಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅದು ಸರಿಹೋದ ನಂತರ ಓದುವುದನ್ನು ಕೆಜಿಗೆ ತಿರುಗಿಸಿದೆವು. ಹಳೆಯ ಕಾಲಂಗೆ ಬರೆಯುವುದನ್ನು ನಿಲ್ಲಿಸಿದ್ದು ಅದಕ್ಕೂ ಹದಿನೈದು ದಿನದ ನಂತರ. ಅಲ್ಲಿಯವರೆಗೆ ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗುವ ದಾರಿ ತೆರೆದೇ ಇತ್ತು.

ಹಿಂದಕ್ಕೆ ಹೋಗುವ ಮಾತು ಬಂದಾಗ ಒಬ್ಬರು ಕೇಳಿದರು: "ಮೂರು ಕಡೆ ಪ್ರತಿ ಇದೆಯಲ್ಲ, ಬ್ಯಾಕಪ್ ಯಾಕೆ?" ತಪ್ಪಾಗಿ ಟೇಬಲ್ ಅಳಿಸಿದರೆ ಆ ಸಾಲೂ ಕೀರ್ದಿಗೆ ಬೀಳುತ್ತದೆ, ಬೀದರ್, ಯಾದಗಿರಿ ಅದನ್ನು ಅಷ್ಟೇ ನಿಷ್ಠೆಯಿಂದ ಅಳಿಸುತ್ತವೆ. ಪ್ರೋಗ್ರಾಂ ಬರೆಯುವವರು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಆದದ್ದು ಇದಕ್ಕಿಂತ ಕೆಟ್ಟದ್ದು. ಪ್ರತಿ ಹಿಂದೆ ಬಿದ್ದಿತ್ತು. ಅದನ್ನು ಹೊಸದಾಗಿ ಶುರುಮಾಡಲು ಅದರ ಡೇಟಾ ಅಳಿಸಲು ಹೋದ ಎಂಜಿನಿಯರ್ ಒಬ್ಬರು, ಮೂಲ ಸರ್ವರ್‌ನಲ್ಲಿ ಆ ಆದೇಶ ಕೊಟ್ಟುಬಿಟ್ಟರು. ನಿಲ್ಲಿಸುವ ಹೊತ್ತಿಗೆ 300 ಜಿಬಿಯಲ್ಲಿ ಉಳಿದದ್ದು ಸುಮಾರು 4.5 ಜಿಬಿ. ದಿನಾ ಆಗುತ್ತಿದೆ ಅಂದುಕೊಂಡಿದ್ದ ಬ್ಯಾಕಪ್, ಆವೃತ್ತಿ ಹೊಂದದೆ, ಆಗುತ್ತಲೇ ಇರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ನಕಲು, ಸಿಕ್ಕಿತು, ಆರು ಗಂಟೆಯ ಕೆಲಸ ಹೋಯಿತು. ನಡೆದದ್ದನ್ನೆಲ್ಲ ಅವರೇ ಬಹಿರಂಗವಾಗಿ ಬರೆದರು. ಅದನ್ನು ಓದಿದ ದಿನವೇ ನಾನು ಮೂಲ ಸರ್ವರ್‌ನ ಕಪ್ಪು ಪರದೆಗೆ ಕೆಂಪು ಬಣ್ಣ ಹಾಕಿದೆ. ಜೊತೆಗೆ ಬೇಕೆಂತಲೇ ಒಂದು ಗಂಟೆ ಹಿಂದೆ ಇರುವ ಇನ್ನೊಂದು ಪ್ರತಿ ಇಟ್ಟಿದ್ದೇವೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಈ ಅನುಕೂಲ ಇದೆ. ತಪ್ಪು ಮಾಡಿ ಒಂದು ಗಂಟೆಯೊಳಗೆ ಗೊತ್ತಾದರೆ ಅಲ್ಲಿ ಕೀರ್ದಿ ನಿಲ್ಲಿಸಿ ಹಳೆಯದನ್ನು ತರಬಹುದು. ಬ್ಯಾಕಪ್ ಬೇರೆ ಇದ್ದೇ ಇದೆ, ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುತ್ತೇವೆ.

ಕ್ವಿಂಟಲ್ ಕಾಲಂ ಕಳೆದ ವರ್ಷ ತೆಗೆದೆವು, ರಾತ್ರಿ ಹತ್ತಕ್ಕೆ, ಸೀಸನ್ ಮುಗಿದ ಮೇಲೆ. ಯಾವ ಫೋನೂ ಬರಲಿಲ್ಲ. ಇನ್ನೊಂದು ಕಾಲಂ ಮಾತ್ರ ಬಾಕಿ ಇದೆ. ಅದರ ಹೆಸರು ಗುಲ್ಬರ್ಗಾ ಸ್ಟಾಕ್. 2014ರ ನವೆಂಬರ್ 1ಕ್ಕೆ ಊರು ಕಲಬುರಗಿ ಆಯಿತು. ವಿಶ್ವವಿದ್ಯಾಲಯ ಇನ್ನೂ ಗುಲಬರ್ಗಾ ಹೆಸರಿನಲ್ಲೇ ಇದೆ, 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕಿದ್ದೂ ಗುಲಬರ್ಗಾ ಹೆಸರಿನಲ್ಲೇ. ನಮ್ಮ ಟೇಬಲಿನಲ್ಲಿ ಕಲಬುರಗಿ ಸ್ಟಾಕ್ ಅಂತ ಹೊಸ ಕಾಲಂ ಬಂದು, ತುಂಬಿ, ಪ್ರೋಗ್ರಾಂ ಪೂರ್ತಿ ಅದರ ಮೇಲೆಯೇ ಓಡುತ್ತಿದೆ. ಹಳೆಯದನ್ನು ತೆಗೆಯೋಣ ಅಂತ ಹೊರಟಾಗ ಗೊತ್ತಾಯಿತು, ಲೆಕ್ಕಪತ್ರದವರ ಒಂದು ಎಕ್ಸೆಲ್ ಹಾಳೆ ಯಾದಗಿರಿಯ ಪ್ರತಿಯಿಂದ ಆ ಹಳೆಯ ಕಾಲಂ ಅನ್ನೇ ಓದುತ್ತದೆ. ಹಾಳೆ ಬದಲಿಸಿಕೊಳ್ಳಿ ಅಂದೆ. ಯುಗಾದಿ ಆದಮೇಲೆ ನೋಡೋಣ ಅಂದರು. ಯಾವ ಯುಗಾದಿ ಅಂತ ಹೇಳಲಿಲ್ಲ.